ಗೊಲ್ಲಾಳಮ್ಮನ ಅಳತೆಗಳು

ಹುಣಸಗಿಗೆ ಕಾಲುವೆ ನೀರು ಬಂದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಕುಪ್ಪಸ ಹೊಲಿಸುವವರು ಹೆಚ್ಚಿ, ಟೇಲರ್ ಗೊಲ್ಲಾಳಮ್ಮನ ಅಳತೆ ಪುಸ್ತಕಗಳು ಹದಿನೇಳಾದವು. ಅವನ್ನೆಲ್ಲ ಮೊಬೈಲಿಗೆ ಹಾಕಿಕೊಳ್ಳಿ ಎನ್ನುತ್ತ ಸಾಫ್ಟ್‌ವೇರ್ ಮಾರುವವರು ಬಂದರೆ ಆಕೆ ಮೊದಲು ಚಹಾ ಕುಡಿಸುತ್ತಿದ್ದಳು, ಆಮೇಲೆ ವಿಚಾರಣೆಗೆ ಕೂರಿಸುತ್ತಿದ್ದಳು. ಪರದೆ ಎಳೆದು ಅಳತೆ ತೆಗೆದು, ಅಂಕಿಯನ್ನು ತನ್ನಷ್ಟಕ್ಕೇ ಪಿಸುಗುಟ್ಟಿಕೊಂಡು ಬರೆಯುವವಳು, ಗಂಡ ಅಯ್ಯಣ್ಣನಿಗೂ ಆ ಪುಸ್ತಕ ಮುಟ್ಟಗೊಡದವಳು. "ನಾ ಬರದದ್ದು ಎಲ್ಲಿ ಹೋಗಿ ಕುಂದರ್ತದ್ರಿ? ಯಾರ್ಯಾರು ನೋಡ್ತಾರ?" "ಕಂಪನಿಯವ್ರು ಅಷ್ಟ ನೋಡ್ತಾರ್ರಿ" ಎಂದು ಬಂದವರು ಅಂದರೆ, "ಕಂಪನ್ಯಾಗ ಗಂಡಸ್ರು ಇರಂಗಿಲ್ಲೇನು?" ಎನ್ನುತ್ತಿದ್ದಳು. ಪುಕ್ಕಟೆ ಎಂದವನಿಗಂತೂ ಎರಡನೇ ಕಪ್ ಚಹಾ ಸಿಗಲಿಲ್ಲ. ಹೀಗೆ ಆರು ಮಂದಿಯನ್ನು ಸಾಗಹಾಕಿ, ಬರೆದದ್ದೆಲ್ಲ ಬೀಗ ಹಾಕಿಕೊಂಡು ಫೋನಿನೊಳಗೇ ಉಳಿಯುವ ಏಳನೆಯವನ ಸಾಫ್ಟ್‌ವೇರನ್ನು ಒಪ್ಪಿದಳು. ಅದೂ ಮೂರು ದಿನ ನೆಟ್ ಬಂದ್ ಮಾಡಿ ನಡೆಯುತ್ತದೋ ಇಲ್ಲವೋ ನೋಡಿದ ಮೇಲೆ. ಹದಿನೇಳೂ ಪುಸ್ತಕ ತಾನೇ ಕೂತು ತುಂಬಿದಳು. ಆದರೆ ಆ ಪುಸ್ತಕಗಳಿಗೂ ಆಕೆ ಹೇಳದ ಮಾತೊಂದಿದೆ: ಆಪರೇಷನ್ನಿನಲ್ಲಿ ಎಡಗಡೆಯ ಎದೆ ತೆಗೆಸಿಕೊಂಡು ಆರು ತಿಂಗಳು ಹೊಸ್ತಿಲು ದಾಟದಿದ್ದ ಹಣಮಮ್ಮ ಟೀಚರಿಗೆ, ಕುಪ್ಪಸದ ಒಳಗೆ ಮೆತ್ತನೆಯ ಅರಳೆ ಇಟ್ಟು ಹೊಲಿದು, ಕನ್ನಡಿ ಮುಂದೆ ನಿಲ್ಲಿಸಿ, "ನಡೀರಿ ಟೀಚರ್, ಇನ್ನ ಸಾಲಿಗೆ ಹೋಗ್ರಿ" ಎಂದವಳು ಆಕೆ. ಹಣಮಮ್ಮ ಮರುದಿನವೇ ಹೋದರು. ಈಗಲೂ ಅವರ ಹೊಸ ಕುಪ್ಪಸದ ಬಟ್ಟೆ ಬಂದಾಗಲೆಲ್ಲ, "ವಿಶೇಷ ಸೂಚನೆ ಏನಾದರೂ ಇದೆಯೇ?" ಎಂದು ಫೋನು ಕೇಳುತ್ತದೆ; ಅಷ್ಟು ಪರೀಕ್ಷಿಸಿ ಆರಿಸಿದ ಆ ಫೋನಿಗೂ ಗೊಲ್ಲಾಳಮ್ಮ "ಇಲ್ಲ" ಎಂದೇ ಒತ್ತುತ್ತಾಳೆ.