ಹೊತ್ತವರ ಪಾಲು

ನಮ್ಮ ಮನೆಯಲ್ಲಿ ಬಂದೂಕು ನನ್ನದು. ಹೊಸದಾಗಿ ಬಂದವರು ಗ್ಯಾರೇಜಿನ ಮೂಲೆಯಲ್ಲಿರುವ ಉಕ್ಕಿನ ಪೆಟ್ಟಿಗೆ ನೋಡಿ ನನ್ನ ಗಂಡನನ್ನು ಬೇಟೆಯ ಬಗ್ಗೆ ವಿಚಾರಿಸುತ್ತಾರೆ. ಅವರು ನನ್ನ ಕಡೆ ಕೈ ತೋರಿಸಿ, ಕಾಫಿಗೆ ನೀರಿಡಲು ಒಳಗೆ ಹೋಗಿಬಿಡುತ್ತಾರೆ. ಲೈಸೆನ್ಸಿನ ಕ್ಲಾಸಿಗೆ ಮೊದಲು ಹೆಸರು ಕೊಟ್ಟದ್ದು ಅವರೇ. ಜೊತೆಗಿರಲಿ ಎಂದು ನಾನೂ ಮಗಳೂ ಸೇರಿಕೊಂಡೆವು. ಗುರಿ ಅಭ್ಯಾಸದ ದಿನ ಅವರ ಗುಂಡು ಹಲಗೆಗೇ ತಾಗಲಿಲ್ಲ, ನನ್ನದು ನಡುವಿನ ಚುಕ್ಕೆಯ ಪಕ್ಕಕ್ಕೇ ಹೋಗಿ ಕೂತಿತು. ಅಂದಿನಿಂದ ಹೊಡೆಯುವ ಕೆಲಸ ನನ್ನದು, ಹೊತ್ತು ತರುವುದೂ ಬೇಯಿಸುವುದೂ ಅವರದು.

ನಾವು ಹೋಗುವುದು ಕಾಡುಹಂದಿಗೆ. ಫ್ರೀಮಾಂಟಿನ ನಮ್ಮ ಮನೆಯಿಂದ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋಗಿ, ಹಾಲಿಸ್ಟರ್ ದಾಟಿದರೆ ಗುಡ್ಡಗಳ ನಡುವೆ ಒಬ್ಬ ಮುದುಕಿಯ ದನದ ರಾಂಚು ಇದೆ. ಹಂದಿಗಳು ಅವಳ ಹುಲ್ಲುಗಾವಲನ್ನು ನೇಗಿಲು ಹೂಡಿದ ಹಾಗೆ ಕಿತ್ತು ಹಾಕುತ್ತವೆ, ಬೇಲಿ ಮುರಿಯುತ್ತವೆ. ಹಾಗಾಗಿ ಮೊದಲ ಮಳೆ ಬಿದ್ದು, ಓಕ್ ಮರದ ಕಾಯಿ ಉದುರುವ ಹೊತ್ತಿಗೆ ನಮ್ಮನ್ನು ಕರೆಯುತ್ತಾಳೆ.

ನಮ್ಮ ಜೊತೆ ತಪ್ಪದೆ ಬರುವವರು ನನ್ನ ಗಂಡನ ಹಳೆಯ ಸಹೋದ್ಯೋಗಿ, ಧಾರವಾಡದವರು. ಅವರ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಆದರೂ ಅವರಿಗೆ ಆ ಗುಡ್ಡಗಳು ಇಷ್ಟ, ಬೆಳಗಿನ ಚಳಿ ಇಷ್ಟ, ಟ್ರಕ್ಕು ಓಡಿಸುವುದು ಇನ್ನೂ ಇಷ್ಟ. ಒಮ್ಮೆ ಡ್ಯಾನ್‌ವಿಲ್ಲಿನ ಅವರ ಮನೆಯ ಮುಂದಿನ ಹುಲ್ಲನ್ನು ಹಂದಿಗಳು ಬಂದು ಉತ್ತುಬಿಟ್ಟಿದ್ದವು. ಬೀದಿಯವರೆಲ್ಲ ಕೋಪದಲ್ಲಿದ್ದರೆ ಇವರೊಬ್ಬರು ಮಣ್ಣು ಹದವಾಗಿದೆ ಎಂದು ಅಲ್ಲೇ ಮೆಂತ್ಯ ಬಿತ್ತಿದರು. ಬೇಟೆಗೆ ಬರುವಾಗ ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ತರುತ್ತಾರೆ. ಹಂದಿ ಬಿದ್ದ ಮೇಲೆ ಅದರ ಹತ್ತಿರ ಸುಳಿಯುವುದಿಲ್ಲ. ಟ್ರಕ್ಕಿನ ಪಕ್ಕ ಚಹಾ ಕಾಯಿಸುತ್ತಾ ಇರುತ್ತಾರೆ. ನಾವೂ ಕರೆಯುವುದಿಲ್ಲ.

ಆ ವರ್ಷ ಮಗಳು ಕಾಲೇಜಿನಿಂದ ರಜೆಗೆ ಬಂದಿದ್ದಳು. ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಇಳಿಜಾರಿನ ಒಂದು ಓಕ್ ಮರದ ಬುಡದಲ್ಲಿ ಕೂತಿದ್ದೆವು. ಗಂಡಸರಿಬ್ಬರೂ ಮೇಲೆ, ದಿಬ್ಬದ ದಾರಿಯಲ್ಲಿ ನಿಲ್ಲಿಸಿದ್ದ ಟ್ರಕ್ಕಿನ ಹತ್ತಿರ ಉಳಿದಿದ್ದರು. ಕೆಳಗಿನ ಕಣಿವೆಯಲ್ಲಿ ಮಂಜು ತುಂಬಿಕೊಂಡು ಕೆರೆಯ ಹಾಗೆ ಕಾಣುತ್ತಿತ್ತು. ಮಗಳು ಬೈನಾಕ್ಯುಲರ್ ಹಿಡಿದು ಅಲುಗಾಡದೆ ಕೂತಿದ್ದಳು. ಮನೆಯಲ್ಲಿ ಒಂದು ಕಡೆ ಕೂರದ ಹುಡುಗಿ ಅಲ್ಲಿ ಮಾತ್ರ ಹಾಗೆ ಕೂರುತ್ತಾಳೆ. ಅವಳ ಪಕ್ಕದಲ್ಲಿ ಹಾಗೆ ಮಾತಿಲ್ಲದೆ ಕೂರುವುದಕ್ಕಾಗಿಯೇ ನಾನು ಬೇಟೆಗೆ ಹೋಗುತ್ತೇನೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

"ಅಮ್ಮಾ, ಲೆಫ್ಟಲ್ಲಿ," ಎಂದು ಅವಳು ಪಿಸುಗುಟ್ಟಿದಳು.

ಹಂದಿಗಳು ಕೊರಕಲಿನಿಂದ ಒಂದೊಂದಾಗಿ ಮೇಲೆ ಬರುತ್ತಿದ್ದವು. ಮುಂದಿನದು ಮರಿಗಳ ತಾಯಿ, ಅದನ್ನು ಬಿಟ್ಟೆ. ಕೊನೆಯಲ್ಲಿ ಒಂದು ಕಪ್ಪು ಗಂಡು, ತಾನೇ ಬೇರೆ ಎನ್ನುವ ಹಾಗೆ ದೂರ ನಿಂತು ಓಕ್ ಕಾಯಿ ಹೆಕ್ಕುತ್ತಿತ್ತು. ಅದು ಪೂರ್ತಿ ಅಡ್ಡ ತಿರುಗುವವರೆಗೆ ಕಾದೆ. ಉಸಿರು ಬಿಟ್ಟು ಒತ್ತಿದೆ. ಹಂದಿ ಒಂದಿಷ್ಟು ದೂರ ಓಡಿ, ಕಾಲು ಮಡಚಿಕೊಂಡು, ಕೊರಕಲಿನ ತಳಕ್ಕೆ ಉರುಳಿತು. ನಾವು ಸ್ವಲ್ಪ ಹೊತ್ತು ಎದ್ದೇಳಲಿಲ್ಲ. ಪ್ರತಿ ಸಲವೂ ಆ ಹೊತ್ತಿನಲ್ಲಿ ನನಗೆ ಗೆದ್ದೆ ಎಂದೂ ಅನ್ನಿಸುವುದಿಲ್ಲ, ತಪ್ಪು ಮಾಡಿದೆ ಎಂದೂ ಅನ್ನಿಸುವುದಿಲ್ಲ. ಕಿವಿ ಮಾತ್ರ ಗುಂಯ್ ಎನ್ನುತ್ತಿರುತ್ತದೆ.

ಗುಂಡಿನ ಸದ್ದು ಕೇಳಿ ನನ್ನ ಗಂಡ ದಿಬ್ಬದಿಂದ ಓಡಿ ಬಂದರು. ಇಬ್ಬನಿ ಬಿದ್ದ ಹುಲ್ಲು. ನಮ್ಮ ಕಣ್ಣ ಮುಂದೆಯೇ ಜಾರಿ, ಕೂತ ಭಂಗಿಯಲ್ಲೇ ಕೆಳಕ್ಕೆ ಬಂದು ಒಂದು ಬಂಡೆಗೆ ತಾಗಿ ನಿಂತರು. ಪಾದ ತಿರುಚಿಕೊಂಡಿತ್ತು.

"ಡ್ಯಾಡ್, ಡೋಂಟ್ ಮೂವ್," ಎಂದು ಮಗಳು ಓಡಿದಳು.

"ಏನೂ ಆಗಿಲ್ಲ ಕಣೇ. ಹಂದಿ ಎಷ್ಟು ದೊಡ್ಡದು?" ಎಂದರು. ಎದ್ದು ನಿಲ್ಲಲು ಹೋಗಿ, ಮುಖ ಕಿವುಚಿ, ಮತ್ತೆ ಕೂತರು.

ಮೂಳೆ ಮುರಿದಿರಲಿಲ್ಲ. ಮಗಳೂ ಧಾರವಾಡದವರೂ ಅವರನ್ನು ಎರಡೂ ಕಡೆ ಹಿಡಿದು ಮೇಲೆ ಟ್ರಕ್ಕಿಗೆ ಸೇರಿಸಿದರು. ನಾನು ಕೊರಕಲಿಗಿಳಿದು ಕರುಳು ತೆಗೆದು ಕೊಯ್ಯಲು ಶುರು ಮಾಡಿದೆ. ಮಗಳು ವಾಪಸು ಬಂದು ಕೈ ಹಾಕಿದಳು. ಕೊಯ್ದು ತೊಡೆ, ಮುಂಗಾಲು, ಬೆನ್ನು ಎಂದು ಬೇರೆ ಮಾಡಿ ಬಟ್ಟೆಯ ಚೀಲಗಳಿಗೆ ತುಂಬಿದಾಗ ನಿಜವಾದ ಕಷ್ಟ ಕಂಡಿತು. ಹೊರುವವರು ಮೇಲೆ ಕಾಲು ಚಾಚಿ ಕೂತಿದ್ದಾರೆ. ಟ್ರಕ್ಕು ಇಲ್ಲಿಗೆ ಇಳಿಯುವುದಿಲ್ಲ. ಮಂಜು ಕರಗಿ ಬಿಸಿಲು ಏರುತ್ತಿದೆ.

ಆಗ ಹುಲ್ಲು ಹಿಡಿದುಕೊಂಡು ಮೆಲ್ಲಗೆ ಇಳಿದು ಬಂದವರು ಧಾರವಾಡದವರು. ಬೆನ್ನಿಗೆ ನನ್ನ ಗಂಡನ ಹೊರೆಚೀಲ ಕಟ್ಟಿಕೊಂಡಿದ್ದರು. ರಕ್ತದ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ಕೇಳಿದರು:

"ವೈನಿ, ಇದರಾಗ ಹ್ಯಾಂಗ ಕಟ್ಟಬೇಕು ತೋರಸ್ರಿ."

"ಅಣ್ಣಾ, ನೀವು ಬೇಡ. ನಾವಿಬ್ರೇ ನಾಲ್ಕು ಸಲ ಹತ್ತಿ ಇಳೀತೀವಿ."

"ನಾಲ್ಕು ಸಲ ಹತ್ತೂದ್ರಾಗ ಬಿಸಲು ನೆತ್ತಿ ಮ್ಯಾಲೆ ಬರ್ತೈತಿ. ಆಮ್ಯಾಲೆ ಇದು ಕೆಡ್ತೈತಿ. ಕೆಡಸಾಕ ಹೊಡದ್ರೇನು?"

ಎರಡು ತೊಡೆಗಳನ್ನು ಅವರ ಹೊರೆಚೀಲಕ್ಕೆ ಬಿಗಿದೆ. ಅವರು ಮಂಡಿಯೂರಿ ಎದ್ದರು. ಒಮ್ಮೆ ತೂಗಾಡಿ ಸರಿಯಾಗಿ ನಿಂತರು. ಉಳಿದದ್ದನ್ನು ನಾನೂ ಮಗಳೂ ಹಂಚಿಕೊಂಡೆವು. ಏರು ಕಡಿದಾಗಿತ್ತು. ಮುಂದೆ ಅವರು, ಹಿಂದೆ ನಾವು. ಅವರ ಅಂಗಿಯ ಬೆನ್ನಿನಲ್ಲಿ ಕೆಂಪು ಇಳಿಯುತ್ತಿರುವುದು ನನಗೆ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಮರಕ್ಕೆ ಒರಗಿ ನಿಂತರು.

"ಅಣ್ಣಾ, ತುಂಬಾ ಕಷ್ಟ ಆಗ್ತಿದೆ ಅಲ್ವಾ ನಿಮಗೆ?" ಎಂದೆ. ಭಾರದ ವಿಷಯ ಮಾತ್ರ ಅಲ್ಲ ಎಂದು ಅವರಿಗೂ ಗೊತ್ತಾಯಿತು.

ಅವರು ಸ್ವಲ್ಪ ಹೊತ್ತು ಉಸಿರು ತಗೊಂಡರು. "ಆಗ್ತೈತ್ರಿ. ವಾಸನಿ ತಡ್ಯಾಕ ಆಗವಲ್ದು. ಆದ್ರ ನಾ ತಿನ್ನಂಗಿಲ್ಲ ಅಂದ್ರ ಇದು ಹಗುರ ಆಗ್ತೈತೇನ್ರಿ? ಬೆಳಿಗ್ಗೆ ಇದೂ ಓಡ್ಯಾಡಕೋತ ಇತ್ತು. ಹೊಡದ ಮ್ಯಾಲೆ ಹಳ್ಳದಾಗ ಬಿಟ್ಟ ಹೋದ್ರ, ಅದು ನನಗ ಇನ್ನೂ ಹೇಸಿ ಅನಸ್ತೈತಿ."

ಮಗಳಿಗೆ ಅವರ ಕನ್ನಡ ಎಷ್ಟು ತಿಳಿಯಿತೋ. ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಬಾಯಿಗೆ ತಾನೇ ಹಿಡಿದಳು, ಅವರ ಎರಡೂ ಕೈ ಹೊರೆಚೀಲದ ಪಟ್ಟಿ ಹಿಡಿದಿದ್ದವಲ್ಲ. ಕುಡಿದು ಮತ್ತೆ ಹೆಜ್ಜೆ ಇಟ್ಟರು.

ಮೇಲೆ ರಾಂಚಿನ ಮುದುಕಿ ಬಂದು ನನ್ನ ಗಂಡನ ಪಾದಕ್ಕೆ ಬಟ್ಟೆ ಸುತ್ತಿದ್ದಳು. ಧಾರವಾಡದವರನ್ನು ನೋಡಿ ನನ್ನ ಗಂಡ, "ಲೋ, ನಿಜವಾಗ್ಲೂ ಹೊತ್ಕೊಂಡೇ ಬಂದ್ಯಾ?" ಎಂದರು. ಆಮೇಲೆ ಗೆಳೆಯನ ಮುಖ ನೋಡಿ, ಒಲೆಯನ್ನು ತಮ್ಮ ಹತ್ತಿರ ಎಳೆದುಕೊಂಡರು. ಚಹಾ ಅವತ್ತು ನನ್ನ ಗಂಡ ಕಾಯಿಸಿದರು, ಕೂತಲ್ಲಿಂದಲೇ.

ಮಧ್ಯಾಹ್ನ ನಮ್ಮ ಗ್ಯಾರೇಜಿನಲ್ಲಿ ಟಾರ್ಪಾಲು ಹಾಸಿದೆವು. ನಾನು ಮಂಡ್ಯದ ಕಡೆಯವಳು. ನಮ್ಮಲ್ಲಿ ಬಾಡು ಹಂಚುವುದು ಗುಡ್ಡೆ ಹಾಕಿ. ತೂಕ ಇಲ್ಲ. ಎಲ್ಲ ಗುಡ್ಡೆಗೂ ಒಂದಿಷ್ಟು ಮೂಳೆ, ಒಂದಿಷ್ಟು ಕೊಬ್ಬು, ಈಲಿಯ, ಅಂದರೆ ಲಿವರಿನ, ಒಂದು ಚೂರು ಬೀಳಬೇಕು, ಯಾರಿಗೂ ಕಡಿಮೆ ಆಯಿತು ಅನ್ನಿಸಬಾರದು. ಮುದುಕಿಯ ಪಾಲನ್ನು ಅಲ್ಲೇ ಕೊಟ್ಟು ಬಂದಿದ್ದೆವು. ಮನೆಗೆ, ಮಗಳ ಹಾಸ್ಟೆಲಿನ ಗೆಳತಿಯರಿಗೆ, ಸಾಂಟಾ ಕ್ಲಾರಾದಲ್ಲಿರುವ ನನ್ನ ತಮ್ಮನಿಗೆ ಎಂದು ಹಾಕುತ್ತಾ ಹೋದೆ. ಧಾರವಾಡದವರು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು.

"ನನ್ನ ಗುಡ್ಡಿ ಎಲ್ಲೈತ್ರಿ ವೈನಿ?"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

"ನೀನೇನು ಮಾಡ್ತೀಯೋ ತಗೊಂಡು?" ಎಂದರು ನನ್ನ ಗಂಡ.

"ಹೊತ್ತಾಂವ ನಾನಲ್ಲೇನಪಾ? ನನ್ನ ಪಾಲು ನನಗ ಬೇಕು. ಏನರ ಮಾಡ್ತೀನಿ."

ನಾಚಿಕೆಯಾಗಿ ಎಲ್ಲ ಗುಡ್ಡೆಗಳನ್ನೂ ಕಲಸಿ ಮತ್ತೆ ಮೊದಲಿಂದ ಹಾಕಿದೆ, ಅವರದನ್ನೂ ಸೇರಿಸಿ. ಮಗಳು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸು ತುಂಬಿದ ಡಬ್ಬದಲ್ಲಿಟ್ಟು ಅವರ ಕೈಗೆ ಕೊಟ್ಟಳು.

ಮರುದಿನ ಅವರ ಹೆಂಡತಿ ಫೋನು ಮಾಡಿದರು. "ನಿಮ್ಮಣ್ಣನ್ನ ಹಿತ್ತಲದಾಗ ನಿಲ್ಲಿಸಿ ಪೈಪಿಲೆ ನೀರು ಹೊಡದೇನಿ ನೋಡ್ರಿ," ಎಂದು ನಕ್ಕರು. ಆ ಚಳಿಯಲ್ಲಿ ಪಾಪ ಹಲ್ಲು ಕಟಕಟಿಸುತ್ತಾ ನಿಂತಿದ್ದರಂತೆ. ಅದಕ್ಕೂ ಮೊದಲು ಐಸಿನ ಡಬ್ಬ ಹೊತ್ತು ಪಕ್ಕದ ಮನೆಗೆ ಹೋಗಿದ್ದರಂತೆ. ಅಲ್ಲಿ ಒಬ್ಬಂಟಿಯಾಗಿರುವ ಪೋರ್ಚುಗೀಸ್ ಮುದುಕರೊಬ್ಬರಿದ್ದಾರೆ. ಹರೆಯದಲ್ಲಿ ಅಣ್ಣತಮ್ಮಂದಿರ ಜೊತೆ ಅದೇ ಗುಡ್ಡಗಳಲ್ಲಿ ಹಂದಿ ಹೊಡೆದವರು. ಇವರು ಡಬ್ಬ ಕೊಟ್ಟು ಬರೋಣವೆಂದು ಹೋದರೆ, ಮುದುಕರು ಬಾಗಿಲಲ್ಲೇ ಹಿಡಿದುಕೊಂಡು ಯಾವ ದಿಬ್ಬ, ಯಾವ ಕೊರಕಲು, ಗಾಳಿ ಯಾವ ಕಡೆಯಿತ್ತು ಎಂದು ಬಿಡಿಸಿ ಬಿಡಿಸಿ ಕೇಳಿದರಂತೆ. ಇವರಿಗೆ ಗೊತ್ತಿದ್ದದ್ದು ಹತ್ತಿದ ಏರು ಮಾತ್ರ. ಅದನ್ನೇ ಹೇಳಿದರಂತೆ.

ಮುಂದಿನ ವರ್ಷ ಆ ಮುದುಕರೂ ಬಂದರು. ಅವರಿಗೆ ಇಳಿಜಾರು ಆಗುವುದಿಲ್ಲ. ದಿಬ್ಬದ ಮೇಲೆ ಮಡಚುವ ಕುರ್ಚಿಯಲ್ಲಿ ಕೂತು, ಹಂದಿ ಬಾಡಿಗೆ ಬೆಳ್ಳುಳ್ಳಿ ಎಷ್ಟು, ವೈನು ಎಷ್ಟು ಎಂದು ನನ್ನ ಗಂಡನ ಜೊತೆ ವಾದ ಮಾಡುತ್ತಿದ್ದರು. ಧಾರವಾಡದವರು ಇಬ್ಬರಿಗೂ ರೊಟ್ಟಿ ಮುರಿದು ಕೊಟ್ಟು, ಚಟ್ನಿಯ ಡಬ್ಬಿಯನ್ನು ನಡುವೆ ಇಟ್ಟರು. ಅವತ್ತು ಹಂದಿ ಕಾಣಲೇ ಇಲ್ಲ. ಬಿಸಿಲು ಚೆನ್ನಾಗಿತ್ತು, ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದೆವು.