ಶೆಟ್ಟರು ಒತ್ತಿದ ಸ್ವಿಚ್ಚು

ಮನುಷ್ಯನ ಪಾಪಗಳೆಲ್ಲ ಕಾಮ, ಕ್ರೋಧ, ಲೋಭಗಳಿಂದ ಹುಟ್ಟುತ್ತವೆಂದು ಹಿರಿಯರು ಹೇಳಿದ್ದಾರೆ. ಹಿರಿಯರ ಕಾಲದಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಇರಲಿಲ್ಲ. ನನ್ನ ಪಾಪ ಹುಟ್ಟಿದ್ದು ಅದರಿಂದ. ಡಾಕ್ಟರಬಾಯಿ, ನಿಮ್ಮ ಫ್ರೀಜರ್ ನಿಂತದ್ದು ಕರೆಂಟ್ ಹೋಗಿ ಅಲ್ಲ. ಅದರ ಪ್ಲಗ್ಗನ್ನು ಗೋಡೆಯಿಂದ ಕಿತ್ತವನು ನಾನು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ನಮ್ಮ ಟ್ರಸ್ಟಿನ ಪರಿಚಯ ನಿಮಗೆ ಬೇಡ. ಇದನ್ನು ಓದುವ ಉಳಿದವರಿಗೆ ಬೇಕು. ಪುಣೆಯ ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಕೂಡುವ ಕನ್ನಡಿಗರ ಸಣ್ಣ ಧರ್ಮಸಂಸ್ಥೆ ಅದು. ಕರಾವಳಿಯ ಹೋಟೆಲಿನವರು ಹಣ ಕೊಡುತ್ತಾರೆ, ಧಾರವಾಡ-ಬಿಜಾಪುರದ ಕಡೆಯ ನನ್ನಂಥ ನಿವೃತ್ತ ಗುಮಾಸ್ತರು ಠರಾವು ಬರೆಯುತ್ತಾರೆ. ಕೊಟ್ಟದ್ದು ಕಣ್ಣಿಗೆ ಕಾಣಬೇಕು, ಅದರ ಮೇಲೆ ಕೊಟ್ಟವರ ಹೆಸರಿರಬೇಕು—ನಮ್ಮಲ್ಲಿ ಇದು ಎಲ್ಲೂ ಬರೆಯದ, ಯಾರೂ ಮೀರದ ನಿಯಮ. ಹೀಗಾಗಿ ಪುಣೆಯ ಎಷ್ಟೋ ಶಾಲೆಗಳಲ್ಲಿ ನಮ್ಮ ಫ್ಯಾನುಗಳಿವೆ. ಅವುಗಳ ರೆಕ್ಕೆಯ ಮೇಲಿರುವ ಪುಣ್ಯವಂತರ ಹೆಸರುಗಳನ್ನು ಕರೆಂಟ್ ಹೋದಾಗ ಸಾವಕಾಶವಾಗಿ ಓದಬಹುದು.

ಅಂಥ ನಮ್ಮ ಮುಂದೆ ನೀವು ಬಂದು ಕೂತಿರಿ. ದನದ ಡಾಕ್ಟರು, ಧಾರವಾಡದವರು, ಕಾಲಲ್ಲಿ ಪುಣೆ ಹತ್ತಿರದ ಶಿರೂರಿನ ಧೂಳು. ಅಲ್ಲಿನ ಹಳ್ಳಿಯೊಂದರಲ್ಲಿ ಆಡುಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತಿದ್ದವು. ಅವನ್ನು ಸಾಕಿದವರಿಗೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು. ಎರಡಕ್ಕೂ ಒಂದೇ ರೋಗಾಣು ಎಂಬುದು ನಿಮ್ಮ ಗುಮಾನಿ.

"ಮನಷ್ಯಾರ ದವಾಖಾನಿಗೆ ಹೋದರ ಇದು ಆಡಿನ ರೋಗ ಅಂತಾರ್ರಿ. ಆಡಿನ ದವಾಖಾನಿಗೆ ಹೋದರ ಮನಷ್ಯಾರ ರೋಗ ಅಂತಾರ," ಎಂದಿರಿ. "ಇದು ಯಾರನ್ನೂ ಲಗೂನ ಕೊಲ್ಲಂಗಿಲ್ಲ ದೇಸಾಯರ, ಬರೇ ಬದುಕಗೊಡಂಗಿಲ್ಲ. ಅದಕ್ಕ ಯಾರೂ ರೊಕ್ಕಾ ಕೊಡಂಗಿಲ್ಲ."

ಸಂಶೋಧನೆಯ ಮೇಲೆ ಹೆಸರು ಬರೆಸಲು ಜಾಗವೆಲ್ಲಿ?—ಸಭೆ ಗಂಭೀರವಾಗಿ ಚಿಂತಿಸಿತು. ಕೊನೆಗೆ ಫ್ರೀಜರ್ ಎಂದು ತೀರ್ಮಾನವಾಯಿತು. ಅದಕ್ಕೆ ಬಾಗಿಲಿದೆ, ಬಾಗಿಲಿಗೆ ಫಲಕ ಕೂರುತ್ತದೆ. ಹೋಟೆಲಿನ ಸಂಜೀವ ಶೆಟ್ಟರು ಕೊಡಿಸಿದರು; ನಿಮ್ಮ ಕೆಲಸಕ್ಕೆಂದು ಬಿಟ್ಟುಕೊಟ್ಟ ಕೋಣೆಯಲ್ಲಿ ಅದನ್ನು ಇಡಿಸಿದೆವು. ನೀವು ಉದ್ಘಾಟನೆಯವರೆಗೆ ಕಾಯಲಿಲ್ಲ. ಚಳಿಗಾಲದಿಂದಲೇ ಹಳ್ಳಿಯ ರಕ್ತ, ಹಾಲು, ಸತ್ತು ಬಿದ್ದ ಮರಿಗಳ ತುಣುಕುಗಳನ್ನು ತಂದು ಅದರಲ್ಲಿ ತುಂಬಿದಿರಿ. ಅವುಗಳಲ್ಲಿ ಹೀರಾಬಾಯಿಯ ರಕ್ತವೂ ಇತ್ತು. ಆಡು ಕಾಯುವ ಹೆಂಗಸು. ಆಡುಗಳಂತೆ ಅವಳ ಬಸಿರೂ ಮತ್ತೆ ಮತ್ತೆ ಇಳಿದಿತ್ತು. ಗಂಡನ ಮನೆಯವರು ಅದನ್ನು ಅವಳ ಹಣೆಬರಹ ಎನ್ನುತ್ತಿದ್ದರು. ನೀವು, ‘ಅಲ್ಲ, ಇದಕ್ಕೆ ಕಾರಣವಿದೆ, ತೋರಿಸುತ್ತೇನೆ’ ಎಂದು ಅವಳಿಗೆ ಮಾತು ಕೊಟ್ಟಿದ್ದಿರಿ.

ಮೇ ತಿಂಗಳ ಒಂದು ಶನಿವಾರ ಉದ್ಘಾಟನೆ. ಶೆಟ್ಟರದು ಒಂದೇ ಆಸೆ. "ರಿಬ್ಬನ್ ಎಲ್ಲರೂ ಕತ್ತರಿಸ್ತಾರೆ ಮಾರಾಯ್ರೆ. ನಾನು ಸ್ವಿಚ್ ಹಾಕ್ತೇನೆ."

ನೀವು ನನ್ನನ್ನು ಬದಿಗೆ ಕರೆದು ಹೇಳಿದಿರಿ: "ಫ್ರೀಜರ್ ಮುಟ್ಟಬ್ಯಾಡ್ರಿ. ಅವರ ಕಡಿಂದ ದೀಪದ ಮಾಲಿ ಸ್ವಿಚ್ ಹಾಕಸ್ರಿ, ಸಾಕು." ನಾನು ತಲೆಯಾಡಿಸಿದೆ. ಆಮೇಲೆ—ನನ್ನ ಸತ್ಯನಿಷ್ಠೆ ಎದ್ದು ಕೂತಿತು. ಓಡುತ್ತಿರುವ ಯಂತ್ರವನ್ನು ಓಡಿಸಿದಂತೆ ನಟಿಸುವುದು ದಾನಿಗೆ ಮಾಡುವ ಮೋಸವಲ್ಲವೇ? ಜೀವಮಾನವಿಡೀ ಸುಳ್ಳು ಠರಾವು ಬರೆಯದ ಕೈ ನನ್ನದು! ಕಾರ್ಯಕ್ರಮಕ್ಕೆ ಮುಂಚೆ ಯಾರೂ ಇಲ್ಲದಾಗ ಫ್ರೀಜರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಚೆಂಡು ಹೂ ಸುತ್ತಿದ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದೆ. ಅದರಲ್ಲಿ ಎರಡು ಸ್ವಿಚ್ಚು—ಒಂದು ದೀಪದ ಮಾಲೆಗೆ, ಒಂದು ಫ್ರೀಜರಿಗೆ.

ಶೆಟ್ಟರು ಒಂದನ್ನು ಒತ್ತಿದರು. ದೀಪದ ಮಾಲೆ ಝಗ್ಗೆಂದಿತು. ಚಪ್ಪಾಳೆ, ಫೋಟೊ, ಶಾಲು, ಉಪ್ಪಿಟ್ಟು. ಆ ಗದ್ದಲದಲ್ಲಿ ಒಂದು ಯಂತ್ರ ಗುಂಯ್‌ಗುಡದೇ ಇರುವುದು ಯಾರ ಕಿವಿಗೆ ಬಿದ್ದೀತು?

ಅಷ್ಟರಲ್ಲಿ ಹಳ್ಳಿಯಿಂದ ಫೋನ್ ಬಂತು, ಮತ್ತೆ ಆಡುಗಳು ಕಂದು ಹಾಕಿವೆಯೆಂದು. ನೀವು ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು ಕೇಳಿದಿರಿ:

"ಫ್ರೀಜರ್ ಚಾಲೂ ಅದಲ್ರಿ?"

"ಶೆಟ್ಟರ ಕೈಲೆ ಚಾಲೂ ಆಗೇದ. ಇನ್ನೇನ್ ಬೇಕ್ರಿ? ನೀವು ಹೋಗ್ರಿ."

ನಾನು ನೋಡಿರಲಿಲ್ಲ. ಎದ್ದು ಹೋಗಿ ನೋಡಿದ್ದರೆ—ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು, ಏಳಲಿಲ್ಲ.

ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಹೂವಿನ ಕಸ ತೆಗೆಸಲೆಂದು ನಾನೇ ಮೊದಲು ಹೋದೆ. ತಗಡಿನ ಮಾಡಿನ ಕೋಣೆ, ಮೇ ತಿಂಗಳ ಸೆಕೆ. ಬಾಗಿಲು ತೆರೆದ ಕೂಡಲೇ ವಾಸನೆ. ಏನಾಗಿದೆಯೆಂದು ತಿಳಿಯಲು ಡಾಕ್ಟರಾಗಬೇಕಿರಲಿಲ್ಲ. ಆಗ ನಾನು ಮಾಡಿದ ಕೆಲಸ ಇದು: ಪ್ಲಗ್ಗನ್ನು ಬೋರ್ಡಿನಿಂದ ತೆಗೆದು ಮೊದಲಿದ್ದ ಗೋಡೆಗೇ ಹಾಕಿದೆ. ಫ್ರೀಜರ್ ಗುಂಯ್‌ಗುಡತೊಡಗಿತು. ನೀವು ಬಂದಾಗ ಅಂದೆ—

"ನಿನ್ನೆ ಇಡೀ ದಿನ ಕರೆಂಟ್ ಹೋಗಿತ್ತಂತ್ರಿ."

ನೀವು ಫ್ರೀಜರಿನ ಬಾಗಿಲು ತೆರೆದಿರಿ. ಒಂದೊಂದೇ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಇದ್ದಲ್ಲೇ ಇಟ್ಟಿರಿ. ಇನ್ನೂ ಕೆಲಸಕ್ಕೆ ಬರುವ ವಸ್ತುವನ್ನು ಇಡುವ ಹಾಗೆ. "ಇನ್ವರ್ಟರ್ ಕೂಡಸಬೇಕಿತ್ತು. ತಪ್ಪು ನಂದ ಅದ," ಎಂದಿರಿ. ಆಗಲಾದರೂ ನಾನು—ಇಲ್ಲ, ಆಗಲೂ ಇಲ್ಲ.

ಟ್ರಸ್ಟಿನ ಸಭೆಯಲ್ಲಿ ನಿಮ್ಮನ್ನು ನಿಲ್ಲಿಸಿ ಕೇಳಿದರು. "ಕೊಟ್ಟ ವಸ್ತುವನ್ನೇ ನೋಡಿಕೊಳ್ಳಲು ಆಗದವರು ರೋಗ ಹುಡುಕ್ತಾರಂತೆ," ಎಂದರು ಶೆಟ್ಟರು. ನಕ್ಕರು ಕೆಲವರು. ಮುಂದಿನ ನೆರವು ನಿಲ್ಲಿಸುವ ಠರಾವನ್ನು ಬರೆದವನು ನಾನು. ಅಕ್ಷರ ಎಂದಿನಂತೆ ಮುತ್ತಿನ ಹಾಗಿತ್ತು.

ಮತ್ತೆ ರಕ್ತ ತೆಗೆಯಬಹುದಿತ್ತಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡೆ. ತೆಗೆಯಲಾಗುತ್ತಿರಲಿಲ್ಲ. ಆ ಆಡುಗಳನ್ನು ಆಗಲೇ ಕಟುಕರಿಗೆ ಮಾರಿದ್ದರು. ಸತ್ತ ಮರಿಗಳನ್ನು ಹೂತು ಹಾಕಿದ್ದರು. ಒಂದು ಸಲ ಕೊಟ್ಟ ರಕ್ತದಿಂದ ಉತ್ತರ ಬರಲಿಲ್ಲವೆಂದ ಮೇಲೆ ಜನ ಎರಡನೆಯ ಸಲ ತೋಳು ಚಾಚಲಿಲ್ಲ.

ಈಗ ನೀವು ಪುಣೆಯದೇ ಖಡಕಿಯಲ್ಲಿ ನಾಯಿ-ಬೆಕ್ಕುಗಳ ದವಾಖಾನೆಯಲ್ಲಿದ್ದೀರಿ. ಈಚೆಗೆ ನನ್ನ ಮಗಳ ನಾಯಿಗೆ ಸೂಜಿ ಹಾಕಿಸಲು ನಾನು ಅಲ್ಲಿಗೆ ಬಂದಾಗ ನೀವು ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿ, "ನನ್ನಿಂದ ನಿಮ್ಮ ಟ್ರಸ್ಟಿನ ಹೆಸರು ಕೆಟ್ಟಿತು. ಕ್ಷಮಾ ಮಾಡ್ರಿ, ದೇಸಾಯರ" ಎಂದಿರಿ. ನೀವು ನನ್ನಲ್ಲಿ ಕ್ಷಮೆ ಕೇಳಿದಿರಿ! ನಾನು ಚಹಾ ಕುಡಿದೆ. ಕುಡಿದು ಮನೆಗೆ ಬಂದೆ.

ಇದನ್ನು ಟ್ರಸ್ಟಿನ ಸ್ಮರಣ ಸಂಚಿಕೆಯಲ್ಲಿ ನನ್ನ ಹೆಸರಿನಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ಅದಕ್ಕೂ ಮೊದಲು ನಿಮ್ಮ ಎದುರು ನಿಂತು ಬಾಯಿಂದ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಮಾತನ್ನು ಆಡುವ ಸರದಿ ಬಂದಾಗ ನಾನು ಸುಮ್ಮನಿದ್ದೆ.

ಹೀರಾಬಾಯಿಯನ್ನು ಗಂಡನ ಮನೆಯವರು ತವರಿಗೆ ಕಳಿಸಿದರು. ಆ ಹಳ್ಳಿಯ ಜ್ವರದ ಮೇಲೆ ಮತ್ತೆ ಯಾರೂ ಕೆಲಸ ಮಾಡಿಲ್ಲ.