ತಂತಿಯ ಕೆಳಗಿನ ಬೇವು

ಮೊನ್ನೆಮೊನ್ನೆಯವರೆಗೆ ನಮ್ಮ ಬಚ್ಚಲಿನ ಗೋಡೆಗೆ ಬಿದಿರಿನ ದೋಟಿಯೊಂದು ಒರಗಿಕೊಂಡಿತ್ತು. ತುದಿಗೆ ಕುಡುಗೋಲು ಬಿಗಿದ ಆ ಉದ್ದನೆಯ ಕೋಲನ್ನು ಹಿಂದೂಪುರದ ನಮ್ಮ ಬೀದಿಯವರು ನುಗ್ಗೆಕಾಯಿ ಕೀಳಲು ಕೇಳಿಕೊಂಡು ಬರುತ್ತಿದ್ದರು, ತಿರುಗಿ ಕೊಡುವಾಗ ಎರಡು ಕಾಯಿ ಕೈಗಿಟ್ಟು ಹೋಗುತ್ತಿದ್ದರು. ಆದರೆ ಗೆಳೆಯರೇ, ಅದು ನುಗ್ಗೆಕಾಯಿಗಾಗಿ ಹುಟ್ಟಿದ ದೋಟಿಯಲ್ಲ. ಕಲ್ಯಾಣದುರ್ಗದ ಕರೆಂಟು ಕಂಪನಿಯಲ್ಲಿ ಲೈನ್‌ಮ್ಯಾನ್ ಆಗಿದ್ದ ನಮ್ಮ ಯಜಮಾನರು, ತಂತಿಗೆ ತಾಗುವ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಇದರಿಂದಲೇ ಕಡಿಯುತ್ತಿದ್ದರು. ಅವರ ಅಂಗೈ ಹಿಡಿದೂ ಹಿಡಿದೂ ಬಿದಿರು ಒಂದು ಕಡೆ ನುಣ್ಣಗಾಗಿದೆ. ಅವರು ಕಾಯಿಲೆಯಿಂದ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು ನಾನು ತವರೂರಿಗೆ ಬರುವಾಗ ಪಾತ್ರೆಪಗಡಗಳ ಜೊತೆಗೆ ಇದನ್ನೂ ತಂದೆ.

ಕಂಪನಿಗೆ ಪರಿಸರದ ಮೇಲೆ ಬಹಳ ಪ್ರೀತಿ. ಆ ಪ್ರೀತಿ ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಫೋಟೋ ತೆಗೆಯುವವನ ಜೊತೆಯಲ್ಲಿ ಉಕ್ಕುತ್ತಿತ್ತು. ಹಸಿರು ಟೋಪಿ ಹಾಕಿಕೊಂಡ ಅಧಿಕಾರಿಗಳು ಸಾಲಾಗಿ ನಿಂತು ಸಸಿ ನೆಡುತ್ತಿದ್ದರು. ಎಲ್ಲಿ ಎನ್ನುತ್ತೀರಾ? ಕಚೇರಿಯ ಕಾಂಪೌಂಡಿನುದ್ದಕ್ಕೂ, ಸರಿಯಾಗಿ ಕಂಪನಿಯದೇ ತಂತಿಯ ಕೆಳಗೆ. ಫೋಟೋದಲ್ಲಿ ಕಚೇರಿಯ ಬೋರ್ಡು ಕಾಣಬೇಕಾದರೆ ಬೇರೆ ಜಾಗವೇ ಇಲ್ಲವಲ್ಲ. ಬಿಸಿಲಿಗೆ ಒಣಗದೆ ಉಳಿದ ಗಿಡವೇನಾದರೂ ತಂತಿಯನ್ನು ಮಾತಾಡಿಸುವಷ್ಟು ಬೆಳೆದರೆ, ಅದೇ ಕಂಪನಿಯ ಹುಕುಂ ಬರುತ್ತಿತ್ತು: ಕಡಿ. ಬುಡವನ್ನೂ ಕಿತ್ತರೆ ಇನ್ನೂ ಒಳ್ಳೆಯದು, ಮುಂದಿನ ಜೂನಿಗೆ ಗುಂಡಿ ತೋಡುವ ಶ್ರಮ ಉಳಿಯಿತು.

"ನೆಡೋದೂ ನಾನೇ, ಕುಯ್ಯೋದೂ ನಾನೇ ಕಣೇ," ಎಂದು ಇವರು ಊಟಕ್ಕೆ ಕೂತು ನಗುತ್ತಿದ್ದರು. "ದೇವರುಗಳಲ್ಲಾದ್ರೂ ಈ ಕೆಲಸಕ್ಕೆ ಮೂರು ಜನ ಅವ್ರೆ. ಇಲ್ಲಿ ಹುಟ್ಟಿಸೋಕೂ ನಾನೇ, ಸಾಯಿಸೋಕೂ ನಾನೇ. ನಡುವೆ ನೀರು ಹಾಕೋ ಪೋಸ್ಟ್ ಮಾತ್ರ ಖಾಲಿ ಬಿದ್ದೈತೆ."

ಅವರು ತೀರಿಕೊಂಡ ವರ್ಷದ ಜೂನಿನಲ್ಲಿ ಕಂಪನಿ ನನ್ನನ್ನು ಕರೆಸಿತು. ಶಾಲು ಹೊದಿಸಿ, ಇವರ ನೆನಪಿಗೆಂದು ಒಂದು ಬೇವಿನ ಸಸಿ ನೆಟ್ಟರು. ಪಕ್ಕದಲ್ಲೇ ತಗಡಿನ ಬೋರ್ಡು, ಅದರಲ್ಲಿ ಇವರ ಹೆಸರು, ಹೆಸರಿನ ಕೆಳಗೆ 'ಪರಿಸರ ಸಂರಕ್ಷಕ' ಎಂಬ ಬಿರುದು. ಬದುಕಿದ್ದಷ್ಟು ಕಾಲ ಲೈನ್‌ಮ್ಯಾನ್ ಆಗಿಯೇ ಉಳಿದವರಿಗೆ ಎಂಥ ಬಡ್ತಿ ನೋಡಿ. ಅದಕ್ಕೆ ಸಾಯುವುದೊಂದು ಬಾಕಿ ಇತ್ತು. ಬೋರ್ಡು ಸಸಿಗಿಂತ ಎತ್ತರವಾಗಿತ್ತು. ನಾನು ಇನ್ನೂ ಎತ್ತರಕ್ಕೆ ನೋಡಿದೆ. ನಿರೀಕ್ಷಿಸಿದಂತೆಯೇ ತಂತಿ ಹಾದುಹೋಗಿತ್ತು.

"ಸಾರ್, ಇದನ್ನ ಒಂಚೂರು ಆ ಕಡೆ ನೆಟ್ಟಿದ್ರೆ," ಎಂದೆ.

"ಜಾಗ ಮೇಲಿಂದ ಅಪ್ರೂವ್ ಆಗಿದೆಯಮ್ಮ," ಎಂದು ಅಧಿಕಾರಿಗಳು ಕೈಮುಗಿದು ಕಾರು ಹತ್ತಿದರು.

ಇವರನ್ನು ಒಮ್ಮೆ ಕಳುಹಿಸಿಕೊಟ್ಟಾಗಿತ್ತು. ಇವರ ಹೆಸರು ಹೊತ್ತದ್ದನ್ನು ಇನ್ನೊಮ್ಮೆ ಕಡಿದರೆಂದು ಕೇಳುವ ಶಕ್ತಿ ನನ್ನಲ್ಲಿರಲಿಲ್ಲ. ಎಲ್ಲರೂ ಬಿಸ್ಕತ್ತು ತಿಂದು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಇವರ ಜೊತೆ ದುಡಿದ ಓಬಳೇಶ ಹತ್ತಿರ ಬಂದ.

"ಅಕ್ಕಾ, ಇವತ್ತಲ್ಲ ನಾಳೆ ಇದರ ತಲೆ ನಾನೇ ಹಾರಿಸ್ಬೇಕು. ಅಣ್ಣನ ಹೆಸರಿಗೆ ಕುಡುಗೋಲು ಹೆಂಗೆ ಹಾಕ್ಲಿ? ಎತ್ಕೊಂಡು ಹೋಗ್ಬುಡು."

"ಯಾರಾದ್ರೂ ಕೇಳಿದ್ರೆ?"

"ಯಾರು ಕೇಳ್ತಾರೆ? ಫೋಟೋ ಆಯ್ತಲ್ಲ."

ಮಣ್ಣು ಸರಿಸಿದರೆ ಸಸಿ ಇಡಿಯಾಗಿ ಎದ್ದು ಬಂತು. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆಯೇ ನೆಟ್ಟಿದ್ದರು. ಪರಿಸರ ದಿನದಂದು ಪ್ಲಾಸ್ಟಿಕ್ಕನ್ನೂ ಬಿತ್ತಿದ ಆ ಮಹನೀಯರ ಉಪಕಾರವನ್ನು ನಾನು ಮರೆಯಲಾರೆ. ಅವರು ಶ್ರದ್ಧೆಯಿಂದ ನೆಟ್ಟಿದ್ದರೆ ಕೀಳುವಾಗ ಒಂದಾದರೂ ಬೇರು ಹರಿದುಹೋಗುತ್ತಿತ್ತು. ಕೊಟ್ಟ ಶಾಲಿನಲ್ಲೇ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಗಿಡಕ್ಕೂ ಟಿಕೆಟ್ ತಗೋತೀಯೇನಮ್ಮ ಎಂದು ಕಂಡಕ್ಟರ್ ತೆಲುಗಿನಲ್ಲಿ ಛೇಡಿಸಿದ. ಇವರ ಜೊತೆ ಬಸ್ಸಿನಲ್ಲಿ ಊರಿಗೆ ಬರುವಾಗ ಕಿಟಕಿಯ ಸೀಟು ಯಾವಾಗಲೂ ಇವರದೇ. ಅಂದು ಕಿಟಕಿಯ ಕಡೆಗೆ ಬೇವನ್ನು ತಿರುಗಿಸಿಕೊಂಡೆ.

ಓಬಳೇಶ ಆಗಾಗ ಫೋನು ಮಾಡುತ್ತಾನೆ. ನೆಟ್ಟ ಸಸಿಗಳೆಲ್ಲ ಸೊಂಪಾಗಿವೆಯೆಂದು ಕಚೇರಿಯಿಂದ ವರದಿ ಹೋಗಿದೆಯಂತೆ. ಬರಿಯ ಗುಂಡಿಯ ಪಕ್ಕದಲ್ಲಿ ಬೋರ್ಡು ಮಾತ್ರ ಚೆನ್ನಾಗಿ ಬೇರು ಬಿಟ್ಟಿದೆಯಂತೆ.

ಇಲ್ಲಿ ನಮ್ಮ ಅಂಗಳದ ಮೇಲೆ ಆಕಾಶ ಬಿಟ್ಟರೆ ಏನೂ ಹಾದುಹೋಗಿಲ್ಲ. ಬೇವು ಗಾಳಿಗೆ ಬಾಗತೊಡಗಿದಾಗ ಆಸರೆ ಕೊಡಲು ಕೋಲು ಹುಡುಕಿದೆ. ಕೊನೆಗೆ ದೋಟಿಯ ತುದಿಯ ಕುಡುಗೋಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ಬಿದಿರನ್ನು ಸಸಿಯ ಪಕ್ಕಕ್ಕೆ ಹೂತು, ಇವರ ಹಳೆಯ ಖಾಕಿ ಅಂಗಿಯ ಪಟ್ಟಿಯಿಂದ ಎರಡನ್ನೂ ಸೇರಿಸಿ ಕಟ್ಟಿದೆ. ನುಣ್ಣಗಾದ ಆ ಜಾಗ ಸರಿಯಾಗಿ ಗಿಡದ ಸೊಂಟಕ್ಕೆ ಬಂದಿದೆ.

ನಿನ್ನೆ ಪಕ್ಕದ ಮನೆಯ ಗಂಗಮ್ಮ ಬೇಲಿಯಾಚೆಯಿಂದ ಕೂಗಿದಳು. "ಅಕ್ಕಾ, ನುಗ್ಗೆಕಾಯಿ ಬಲೀತಾವೆ, ದೋಟಿ ಕೊಡ್ತೀಯಾ?"

"ಇಲ್ಲ ಕಣಮ್ಮ," ಎಂದೆ. "ಅವರು ಡ್ಯೂಟಿ ಮೇಲವ್ರೆ."

ಅವಳು ನಗಲಿಲ್ಲ. ನಾನು ಬಿಂದಿಗೆ ಎತ್ತಿಕೊಂಡು, ಖಾಲಿ ಬಿದ್ದಿದ್ದ ಆ ನಡುವಿನ ಪೋಸ್ಟಿನ ಕೆಲಸಕ್ಕೆ ಹೋದೆ.